ರೈಲು ಮಾರ್ಗಕ್ಕೆ ವಯಸ್ಸಾದಾಗ

ಹಳೆಯ ಯಂತ್ರ ಹೆಚ್ಚು ಸದ್ದು ಮಾಡುತ್ತದೆ ಎಂಬುದು ನಮ್ಮೆಲ್ಲರ ಅನುಭವ. ರೈಲು ಮಾರ್ಗಕ್ಕೂ ಈ ಮಾತು ಅನ್ವಯಿಸುವುದೇ? ಬಹುಮಟ್ಟಿಗೆ ಹೌದು. ಆದರೆ ಅದರ ಒಂದು ಸಣ್ಣ ಭಾಗಕ್ಕೆ ವಯಸ್ಸಾದಾಗ ಸದ್ದು ಕಡಿಮೆಯಾಗಲೂಬಹುದು!

ಮೊದಲು ಸದ್ದಿನ ಮೂಲವನ್ನು ನೋಡೋಣ. ಉಕ್ಕಿನ ಚಕ್ರ, ಉಕ್ಕಿನ ಹಳಿ ಎರಡೂ ನುಣುಪಾಗಿ ಕಾಣುತ್ತವೆ. ಆದರೂ ಅವುಗಳ ಮೇಲ್ಮೈಯಲ್ಲಿ ಮೈಕ್ರೊಮೀಟರ್ (ಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಅಳತೆಯ ಉಬ್ಬುತಗ್ಗುಗಳಿರುತ್ತವೆ. ಚಕ್ರ ಉರುಳಿದಂತೆ ಇವು ಚಕ್ರ ಮತ್ತು ಹಳಿ ಎರಡನ್ನೂ ಕಂಪಿಸುವಂತೆ ಮಾಡುತ್ತವೆ. ಆ ಕಂಪನವೇ ಗಾಳಿಯ ಮೂಲಕ ಶಬ್ದವಾಗಿ ನಮ್ಮನ್ನು ತಲುಪುತ್ತದೆ.

ಬಳಕೆಯಿಂದ ಹಳಿಯ ಮೇಲೆ ಕೆಲವೆಡೆ ಸಮಾನ ಅಂತರದ ಅಲೆಗಳು ಮೂಡುತ್ತವೆ. ಅಲೆಗಳ ಅಂತರ 5 ಸೆಂಟಿಮೀಟರ್, ರೈಲಿನ ವೇಗ ಗಂಟೆಗೆ 90 ಕಿಲೋಮೀಟರ್ ಎನ್ನೋಣ. ಅಂದರೆ ಸೆಕೆಂಡಿಗೆ 25 ಮೀಟರ್. ವೇಗವನ್ನು ಅಂತರದಿಂದ ಭಾಗಿಸಿದರೆ ಸಿಗುವ ಆವೃತ್ತಿ 500 ಹರ್ಟ್ಸ್. ಇದು ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಚಕ್ರ ನುಣುಪಾಗಿದ್ದು, ಈ ಅಲೆಗಳ ಎತ್ತರ ಇಮ್ಮಡಿಯಾದರೆ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಹಳಿಯನ್ನು ಯಂತ್ರದಿಂದ ಉಜ್ಜಿ ನುಣುಪು ಮಾಡುವುದೇ ಇದಕ್ಕೆ ಪರಿಹಾರ.

ಹಳಿಗಳ ಜೋಡಣೆಗಳಿಗೂ ವಯಸ್ಸಾಗುತ್ತದೆ. ಫಿಶ್ ಪ್ಲೇಟ್ ಸವೆದು, ಕೆಳಗಿನ ಜಲ್ಲಿ ಕುಸಿದರೆ ಹಳಿಯ ತುದಿಗಳು ತಗ್ಗುತ್ತವೆ. ಚಕ್ರ ಅಲ್ಲಿಗೆ ಬಂದಾಗಲೆಲ್ಲ ಬಡಿದು 'ಟಕ್ ಟಕ್' ಸದ್ದು ಜೋರಾಗುತ್ತದೆ. ಹಳಿಗಳನ್ನು ಬೆಸುಗೆ ಹಾಕಿ ಒಂದಾಗಿಸಿದ ಮಾರ್ಗಗಳಲ್ಲಿ ಈ ತಾಳ ಕೇಳಿಬರುವುದಿಲ್ಲ.

ಇನ್ನು ಆ ವಿಚಿತ್ರ ಭಾಗಕ್ಕೆ ಬರೋಣ. ಹಳಿಗೂ ಅದರ ಕೆಳಗಿನ ಕಾಂಕ್ರೀಟ್ ಸ್ಲೀಪರಿಗೂ ನಡುವೆ ಕೆಲವೇ ಮಿಲಿಮೀಟರ್ ದಪ್ಪದ ರಬ್ಬರ್ ಪ್ಯಾಡ್ ಇರುತ್ತದೆ. ಇದು ಸ್ಪ್ರಿಂಗಿನಂತೆ ವರ್ತಿಸಿ, ಚಕ್ರದ ಆಘಾತ ನೇರವಾಗಿ ಸ್ಲೀಪರಿಗೆ ತಗಲದಂತೆ ತಡೆಯುತ್ತದೆ. ಬಿಸಿಲು, ಆಮ್ಲಜನಕ ಮತ್ತು ಓಜೋನ್‌ಗಳ ಪ್ರಭಾವದಿಂದ ವರ್ಷಗಳು ಕಳೆದಂತೆ ರಬ್ಬರ್ ಗಡುಸಾಗುತ್ತದೆ. ಆಗ ಏನಾಗುತ್ತದೆ?

ನಿಮ್ಮ ಪ್ರಯೋಗಾಲಯದಲ್ಲೇ ಪರೀಕ್ಷಿಸಿ. ಶ್ರುತಿಕವೆಯನ್ನು ಮಿಡಿದು ಅದರ ಬುಡವನ್ನು ದಪ್ಪ ಸ್ಪಂಜಿನ ಮೇಲಿಡಿ. ಅದು ಬಹಳ ಹೊತ್ತು ಕಂಪಿಸುತ್ತದೆ. ಮೇಜಿಗೆ ಒತ್ತಿ ಹಿಡಿದರೆ ಕಂಪನದ ಶಕ್ತಿ ಮೇಜಿಗೆ ಹರಿದು, ಕವೆ ಬೇಗ ಸುಮ್ಮನಾಗುತ್ತದೆ. ಇಲ್ಲಿ ಕವೆಯೇ ಹಳಿ, ಮೇಜೇ ಸ್ಲೀಪರ್. ಮೃದುವಾದ ಪ್ಯಾಡ್ ಇದ್ದಾಗ ಕಂಪನ ಹಳಿಯುದ್ದಕ್ಕೂ ದೂರ ಸಾಗಿ, ಹಳಿಯ ಹೆಚ್ಚು ಭಾಗ ಶಬ್ದ ಸೂಸುತ್ತದೆ. ಪ್ಯಾಡ್ ಗಡುಸಾದರೆ ಕಂಪನ ಬೇಗ ಸ್ಲೀಪರಿಗೆ ಇಳಿಯುತ್ತದೆ. ಹಳಿಯ ಶಬ್ದ ಕುಗ್ಗುತ್ತದೆ, ಸ್ಲೀಪರಿನ ಮಂದ್ರ ಸ್ವರದ ಶಬ್ದ ಹೆಚ್ಚುತ್ತದೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ಶ್ರುತಿಕವೆಯ ತೋಳುಗಳು ಕಿರಿದಾದ್ದರಿಂದ ಮೇಜಿನ ಸದ್ದೇ ಜೋರು. ಉದ್ದನೆಯ ಹಳಿಯಾದರೋ ತಾನೇ ಸಮರ್ಥವಾಗಿ ಶಬ್ದ ಸೂಸುತ್ತದೆ. ಸುಮಾರು 400ರಿಂದ 2,000 ಹರ್ಟ್ಸ್ ವ್ಯಾಪ್ತಿಯಲ್ಲಿ ಸಾಮಾನ್ಯವಾಗಿ ಅದರದೇ ಮೇಲುಗೈ. ಆದ್ದರಿಂದ ಹಳಿಯ ಪಾಲು ತಗ್ಗಿದಾಗ ಒಟ್ಟು ಸದ್ದೂ ತಗ್ಗಬಹುದು.

ಹಾಗಾದರೆ ಹಳೆಯ ಪ್ಯಾಡನ್ನು ಬದಲಾಯಿಸದೆ ಬಿಡಬಹುದೇ? ಖಂಡಿತ ಬಿಡಬಾರದು. ಗಡುಸಾದ ಪ್ಯಾಡ್ ಆಘಾತವನ್ನು ತಡೆಯದೆ ಕೆಳಗೆ ದಾಟಿಸುತ್ತದೆ. ಸ್ಲೀಪರ್ ಬಿರುಕು ಬಿಡಬಹುದು, ಜಲ್ಲಿ ಪುಡಿಯಾಗಬಹುದು, ಸಮೀಪದ ನೆಲದ ಅದುರುವಿಕೆಯೂ ಹೆಚ್ಚಬಹುದು. ಇನ್ನು ಪ್ಯಾಡ್ ಹರಿದು ಕ್ಲಿಪ್‌ಗಳ ಹಿಡಿತ ಸಡಿಲವಾದರಂತೂ ಹಳಿಯ ಭದ್ರತೆಗೇ ಧಕ್ಕೆ. ಹೊಸ ಪ್ಯಾಡನ್ನು ಆರಿಸುವಾಗಲೂ ಇದೇ ಇಕ್ಕಟ್ಟು: ಅತಿ ಮೃದುವಾದರೆ ಸದ್ದು, ಅತಿ ಗಡುಸಾದರೆ ಹಾನಿ. ಕಂಪನಶಕ್ತಿಯನ್ನು ತಾನೇ ಹೀರಿ ಉಷ್ಣವಾಗಿಸುವ ವಸ್ತುಗಳನ್ನು ಬಳಸಿ ಎಂಜಿನಿಯರರು ಇವೆರಡರ ನಡುವೆ ದಾರಿ ಹುಡುಕುತ್ತಾರೆ.

ಸದ್ದು ರೈಲು ಮಾರ್ಗದ ಆರೋಗ್ಯದ ಒಂದು ಲಕ್ಷಣ ಮಾತ್ರ. ಜ್ವರ ಇಳಿದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ವೈದ್ಯರು ಹೇಳುವುದಿಲ್ಲ. ಹಾಗೆಯೇ, ಸದ್ದು ತಗ್ಗಿತೆಂದು ಮಾರ್ಗ ಸುಸ್ಥಿತಿಯಲ್ಲಿದೆ ಎಂದು ತೀರ್ಮಾನಿಸಲಾಗದು. ಯಾವ ಭಾಗದಿಂದ, ಯಾವ ಆವೃತ್ತಿಯ ಶಬ್ದ ಹೊರಡುತ್ತಿದೆ ಎಂಬುದನ್ನು ಅಳೆದೇ ತಿಳಿಯಬೇಕು.