ಹೊಲದ ಸುಣ್ಣದ ಹರಳು, ಕಡಲಿನ ಸುಣ್ಣಕಲ್ಲು

ಮಟಮಾರಿ, ಮಾನ್ವಿ, ದೇವದುರ್ಗ ಭಾಗದ ಎರೆಹೊಲಗಳನ್ನು ಆಳವಾಗಿ ಅಗೆದಾಗ ಬಿಳಿಯ ಸುಣ್ಣದ ಹರಳು ಸಿಗುವುದುಂಟು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಸುಣ್ಣದ್ದೇ. ಆದರೆ ಎರಡರ ಹುಟ್ಟು ಬೇರೆ ಬೇರೆ. ಹರಳು ಕಂಡಲ್ಲೆಲ್ಲ ಕೆಳಗೆ ಸುಣ್ಣಕಲ್ಲಿನ ಬಂಡೆಯಿದೆ, ಅದರ ಪೊಟರೆಯಲ್ಲಿ ನೀರಿದೆ ಎಂದು ನಂಬಿ ಬಾವಿಗೆ ಹಣ ಹಾಕಿದರೆ ಲೆಕ್ಕ ತಪ್ಪುತ್ತದೆ.

ಶಹಾಬಾದ್, ವಾಡಿ, ಸೇಡಂ ಸುತ್ತಲಿನ ಸುಣ್ಣಕಲ್ಲು ೫೦ ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ನಡುನಡುವೆ ತೆಳುವಾದ ಜೇಡಿ ಸೇರಿದ್ದರಿಂದಲೇ ಅದು ಹಲಗೆಯಂತೆ ಸೀಳುತ್ತದೆ. ಅದರಲ್ಲಿ ಶಂಖ, ಚಿಪ್ಪು ಹುಡುಕಿ ಫಲವಿಲ್ಲ. ಚಿಪ್ಪಿನ ಪ್ರಾಣಿಗಳು ಹೆಚ್ಚುವ ಮೊದಲಿನ ಕಲ್ಲು ಅದು.

ಕಡಲು ಬಂದುದನ್ನು ಪದರಗಳ ಕ್ರಮವೇ ತಿಳಿಸುತ್ತದೆ. ತಳದಲ್ಲಿ ಗ್ರಾನೈಟ್, ಅದರ ಮೇಲೆ ದಡದ ಉರುಟುಗಲ್ಲು ಮತ್ತು ಮರಳುಗಲ್ಲು, ಆಮೇಲೆ ಜೇಡಿಗಲ್ಲು, ಅದರ ಮೇಲೆ ಸುಣ್ಣಕಲ್ಲು. ದಡ ದೂರ ಸರಿದಂತೆ ಮರಳು, ಮಣ್ಣು ಬರುವುದು ನಿಂತು ತಿಳಿನೀರಿನಲ್ಲಿ ಸುಣ್ಣ ಕೂತಿತು. ಸುಣ್ಣಕಲ್ಲಿನ ಮೇಲೆ ಮತ್ತೆ ಜೇಡಿಗಲ್ಲು ಕಾಣುತ್ತದೆ. ಅಷ್ಟಕ್ಕೇ ಕಡಲು ಹಿಂದೆ ಸರಿಯಿತು ಎನ್ನುವುದು ಅವಸರದ ಮಾತು. ನೆಲದಿಂದ ಹೊಳೆಗಳು ಹೆಚ್ಚು ಮಣ್ಣು ತಂದರೂ ಹೀಗೇ ಆಗುತ್ತದೆ.

ಇಂದು ಈ ಪ್ರದೇಶ ಸಮುದ್ರಮಟ್ಟಕ್ಕಿಂತ ಸುಮಾರು ೪೦೦ ಮೀಟರ್ ಎತ್ತರದಲ್ಲಿದೆ. ಭೂಮಿಯ ಮೇಲಿನ ಹಿಮವೆಲ್ಲ ಕರಗಿದರೂ ಕಡಲು ಏರುವುದು ೭೦ ಮೀಟರಿನ ಆಸುಪಾಸು ಮಾತ್ರ. ಆದ್ದರಿಂದ ನೀರು ಏರಿಳಿದದ್ದಷ್ಟೇ ಅಲ್ಲ, ನೆಲವೂ ಕುಸಿದು ಮತ್ತೆ ಮೇಲೆದ್ದಿದೆ.

ಮಟಮಾರಿ ಕಡೆಯ ತಳಬಂಡೆ ಗ್ರಾನೈಟ್ ಜಾತಿಯದು. ಅದು ಶಿಥಿಲವಾದಾಗ ಬಿಡುವ ಸುಣ್ಣದಂಶ ಮಳೆನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ನೀರು ಆರಿ ಸುಣ್ಣ ಬಿರುಕುಗಳಲ್ಲಿ, ಬೇರಿನ ಸುತ್ತ ಗಂಟು ಕಟ್ಟುತ್ತದೆ. ಇದೇ ಹರಳು. ಆಮ್ಲದ ಹನಿ ಬಿಟ್ಟರೆ ಹರಳೂ ಪರಸಿಯೂ ಎರಡೂ ನೊರೆಯುತ್ತವೆ, ಆದ್ದರಿಂದ ಆ ಪರೀಕ್ಷೆಯಿಂದ ಮೂಲ ತಿಳಿಯದು. ಮಣ್ಣಿನೊಳಗೆ ಬಿಡಿಬಿಡಿ ಗಂಟುಗಳಾಗಿದ್ದರೆ ಹರಳು, ದೂರದವರೆಗೆ ಸಮನಾದ ಪದರವಾಗಿದ್ದರೆ ಸುಣ್ಣಕಲ್ಲು.

ಗ್ರಾನೈಟ್ ಸೀಮೆಯಲ್ಲಿ ನೀರನ್ನು ಹುಡುಕಬೇಕಾದದ್ದು ಶಿಥಿಲವಾದ ಗರಸಿನಲ್ಲಿ ಮತ್ತು ಬಂಡೆಯ ಬಿರುಕಿನಲ್ಲಿ. ಹರಳು ಹೆಚ್ಚಿರುವ ಹೊಲದಲ್ಲಿ ರಂಜಕ ಗೊಬ್ಬರ ಸುಣ್ಣದೊಡನೆ ಕಟ್ಟಿಕೊಳ್ಳುತ್ತದೆ. ಚೆಲ್ಲುವ ಬದಲು ಬೀಜದ ಸಾಲಿನ ಪಕ್ಕದಲ್ಲಿ ಕೊಡುವುದು ಲೇಸು. ಎಳೆಯ ಎಲೆ ಹಳದಿಯಾದರೆ ಕಬ್ಬಿಣ ಅಥವಾ ಸತುವಿನ ಕೊರತೆ ಇರಬಹುದು. ಮಣ್ಣು ಪರೀಕ್ಷೆಗೆ ಮಾದರಿ ಕೊಡುವಾಗ ಹರಳು ಎಷ್ಟು ಆಳದಲ್ಲಿ ಸಿಕ್ಕಿತೆಂಬುದನ್ನೂ ಚೀಟಿಯಲ್ಲಿ ಬರೆಯಬೇಕು.