ಎಲ್ಲರಿಗೂ ಸೇರಿದ ಕಡತವನ್ನು ಗುಡಿಸೋರು ಯಾರು?

ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರೋದು ಲಿನಕ್ಸ್ ಕರ್ನಲ್. ಯಾವುದೇ ಒಂದು ಕಂಪನಿಯ ಸ್ವತ್ತಲ್ಲದ, ಸಾವಿರಾರು ಜನ ಸೇರಿ ಬರೆಯುವ ಸಾಫ್ಟ್‌ವೇರ್ ಇದು. 2022ರ ಜನವರಿಯಲ್ಲಿ ಅದರ ಹಿರಿಯ ಡೆವಲಪರ್ ಇಂಗೊ ಮೊಲ್ನಾರ್ ಎಲ್ಲರ ಮುಂದೆ 2,297 ಪ್ಯಾಚ್‌ಗಳನ್ನು ಇಟ್ಟರು. ಒಂದು ವರ್ಷಕ್ಕೂ ಮೀರಿದ ದುಡಿಮೆ. ಬಳಕೆದಾರರಿಗೆ ಕಾಣುವ ಹೊಸ ಸೌಲಭ್ಯ ಅದರಲ್ಲಿ ಒಂದೂ ಇಲ್ಲ, ಬರೀ ಕ್ಲೀನಿಂಗ್.

ಕ್ಲೀನ್ ಮಾಡಿದ್ದು ಹೆಡರ್ ಕಡತಗಳನ್ನು. ಸಿ ಭಾಷೆಯಲ್ಲಿ ಹಲವರಿಗೆ ಬೇಕಾಗುವ ವಿವರಗಳನ್ನು ಹೆಡರ್‌ನಲ್ಲಿ ಇಡ್ತಾರೆ. ಬೇಕಾದವರು 'ಇನ್‌ಕ್ಲೂಡ್' ಎಂದು ಒಂದು ಸಾಲು ಬರೆದರೆ, ಕಂಪೈಲ್ ಆಗುವಾಗ ಆ ಹೆಡರ್ ಪೂರ್ತಿಯಾಗಿ ಅಲ್ಲಿಗೆ ಬಂದು ಬೀಳುತ್ತೆ. ಅದು ಕರೆದಿರುವ ಬೇರೆ ಹೆಡರ್‌ಗಳೂ ಜೊತೆಗೇ ಬರ್ತವೆ. ಒಬ್ಬರನ್ನು ಊಟಕ್ಕೆ ಕರೆದರೆ ಇಡೀ ಓಣಿಯೇ ಬಂದು ಕೂತ ಹಾಗೆ.

ಇದರಲ್ಲಿ ಕುಖ್ಯಾತವಾದದ್ದು ಶೆಡ್ಯೂಲರ್‌ನ ಹೆಡರ್. ಓಡುತ್ತಿರುವ ಪ್ರತಿ ಪ್ರೋಗ್ರಾಮಿನ ಜಾತಕ ಅದರಲ್ಲಿದೆ. ಮೆಮೊರಿ, ಸಿಗ್ನಲ್, ಸಮಯದ ಲೆಕ್ಕ, ಹೀಗೆ ಪ್ರತಿ ವಿಭಾಗದವರೂ ಆ ಜಾತಕಕ್ಕೆ ತಮ್ಮದೊಂದು ಕಾಲಂ ಸೇರಿಸಿದ್ದಾರೆ. ಆ ಕಾಲಂನಲ್ಲಿ ಇನ್ನೊಂದು ರಚನೆಯ ವಿಳಾಸವನ್ನಷ್ಟೇ ಇಟ್ಟರೆ ಅದರ ಹೆಸರು ಗೊತ್ತಿದ್ದರೆ ಸಾಕು. ರಚನೆಯನ್ನೇ ಒಳಗೆ ಕೂರಿಸಿದರೆ ಗಾತ್ರವೂ ಗೊತ್ತಿರಬೇಕು. ಅಂದರೆ ಅದರ ಹೆಡರ್ ಬೇಕೇ ಬೇಕು. ಒಬ್ಬೊಬ್ಬರದೂ ಸಣ್ಣ ಅನುಕೂಲ, ಹೊರೆ ಮಾತ್ರ ಎಲ್ಲರ ಮೇಲೆ.

ಮೊಲ್ನಾರ್ ಅಳೆದಾಗ ಅವರ ಯಂತ್ರದಲ್ಲಿ ಕರ್ನಲ್ ಕಟ್ಟಲು ಹಿಡಿಯುತ್ತಿದ್ದ ಸುಮಾರು 231 ಸೆಕೆಂಡ್ 130ಕ್ಕೆ ಇಳಿದಿತ್ತು. ದೊಡ್ಡ ಸರ್ವರ್ ಇರುವ ಕಂಪನಿಗೆ ಇದು ಚಿಲ್ಲರೆ ಉಳಿತಾಯ ಅನ್ನಿಸಬಹುದು. ಹಳೇ ಲ್ಯಾಪ್‌ಟಾಪ್‌ನಲ್ಲಿ ಕರ್ನಲ್ ಕಲಿಯೋಕೆ ಕೂತ ವಿದ್ಯಾರ್ಥಿಗೆ ಅಲ್ಲ. ಒಳಗೆ ಬರೋರು ಯಾರು, ಬಾಗಿಲಲ್ಲೇ ಸುಸ್ತಾಗಿ ವಾಪಸ್ ಹೋಗೋರು ಯಾರು ಅನ್ನೋದನ್ನು ಇಂಥ ಕಾಯುವಿಕೆಯೂ ನಿರ್ಧರಿಸುತ್ತೆ.

ಹಾಗಿದ್ದರೆ ತಕ್ಷಣ ಯಾಕೆ ಒಪ್ಪಲಿಲ್ಲ? ಒಂದು ಅನಗತ್ಯ ಇನ್‌ಕ್ಲೂಡ್ ಅಳಿಸಿ ನೋಡಿ. ಎಲ್ಲೋ ದೂರದ ಡ್ರೈವರ್ ಒಂದು ಅದೇ ದಾರಿಯಲ್ಲಿ ಬರುತ್ತಿದ್ದ ಹೆಡರ್ ನಂಬಿಕೊಂಡು ಬದುಕಿರುತ್ತೆ, ಅದು ಮುರಿಯುತ್ತೆ. ಅದೂ ನಿಮ್ಮ ಯಂತ್ರದಲ್ಲಲ್ಲ, ಬೇರೆಯದೇ ಪ್ರೊಸೆಸರ್‌ನಲ್ಲಿ. ಈ ಪ್ಯಾಚ್‌ಗಳು ಮುಟ್ಟಿದ್ದು ಕರ್ನಲ್‌ನ ಅರ್ಧಕ್ಕಿಂತ ಹೆಚ್ಚು ಕಡತಗಳನ್ನು. ಒಂದೊಂದು ಭಾಗಕ್ಕೂ ಬೇರೆ ಬೇರೆ ಉಸ್ತುವಾರಿಗಳಿದ್ದಾರೆ, ಅವರ ಅರ್ಧ ಮುಗಿದ ಕೆಲಸಗಳಿವೆ. ಅಷ್ಟನ್ನೂ ಓದಿ ಪರಿಶೀಲಿಸೋರು ಯಾರು?

ಇಡಿಯಾಗಿ ಅದು ಕರ್ನಲ್ ಸೇರಲೇ ಇಲ್ಲ. ತುಂಡು ತುಂಡಾಗಿ ಒಂದಷ್ಟು ಸೇರಿತು. ನನ್ನ ಪ್ರಕಾರ ಅದೇ ಸರಿ: ಯಾರೂ ಪೂರ್ತಿ ಓದಲಾಗದ ಸುಧಾರಣೆಯನ್ನು ಲೇಖಕರ ಹೆಸರು ನೋಡಿ ಒಪ್ಪಬಾರದು. ಆದರೆ ತುಂಡು ದಾರಿಯೂ ಪುಕ್ಕಟೆಯಲ್ಲ. ಹೊಸ ಡ್ರೈವರ್ ಬರೆಸೋಕೆ ಚಿಪ್ ಕಂಪನಿಗಳು ಸಂಬಳ ಕೊಡ್ತವೆ, ಅದು ಅವರ ಮಾಲು ಮಾರೋಕೆ ಬೇಕು. ಹೆಡರ್ ಗುಡಿಸೋ ಕೆಲಸದಿಂದ ಮಾರೋಕೆ ಏನೂ ಸಿಗಲ್ಲ. ಮೊಲ್ನಾರ್ 2017ರಲ್ಲೇ ಶೆಡ್ಯೂಲರ್ ಹೆಡರನ್ನು ಹಲವು ಕಡತಗಳಾಗಿ ಒಡೆದಿದ್ದರು. ಆಮೇಲೂ ಅದು ಮತ್ತೆ ಗಂಟಾಯ್ತು. 2024ರ 6.8 ಆವೃತ್ತಿಗೆ ಕೆಂಟ್ ಓವರ್‌ಸ್ಟ್ರೀಟ್ ಇನ್ನೊಂದು ಸುತ್ತು ಗುಡಿಸಿದರು.