ಹಿಮನೆಲಕ್ಕೆ ಹಾವಸೆಯ ಹೊದಿಕೆ

ಅಲಾಸ್ಕದ ಉತ್ತರ ತುದಿಯ ಟುಂಡ್ರಾದಲ್ಲಿ ಜುಲೈ ತಿಂಗಳಲ್ಲಿ ಗುದ್ದಲಿ ಹಾಕಿದರೆ ಮೊದಲು ಸಿಗುವುದು ಮಣ್ಣಲ್ಲ, ಹಾವಸೆ. ಅದರಡಿ ಅರೆಬರೆ ಕೊಳೆತ, ನಾರುನಾರಾದ ಕಂದು ಪದರ. ಅದಕ್ಕೂ ಕೆಳಗೆ, ನೀರು ನಿಂತು ಗಾಳಿಯಾಡದೆ ಬೂದು ಬಣ್ಣಕ್ಕೆ ತಿರುಗಿದ ಜಿಗುಟು ಮಣ್ಣು. ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ಣೆನ್ನುತ್ತದೆ: ಬೇಸಿಗೆಯಲ್ಲೂ ಕರಗದ ಪರ್ಮಾಫ್ರಾಸ್ಟ್. ಕರಾವಳಿ ಬಯಲಿನಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 250 ಮಿ.ಮೀ. ದಾಟುವುದಿಲ್ಲ, ಆದರೂ ನೆಲ ಕೆಸರು, ಏಕೆಂದರೆ ನೀರು ಇಂಗಲು ದಾರಿಯಿಲ್ಲ. ಇಲ್ಲಿ ಹೆಪ್ಪುಗಟ್ಟಿದ ನೆಲವೇ ಯಜಮಾನ, ಗಿಡಗಳು ಬರೀ ಒಕ್ಕಲು ಎಂದೇ ನಾವು ಶಾಲೆಯಲ್ಲಿ ಓದಿದ್ದು. ಮೇಲಿನ ಒಂದು ಮೀಟರಿನ ಮಟ್ಟಿಗೆ ಈ ಪಾಠವನ್ನು ತಿರುಗಿಸಿ ಓದಬೇಕು: ಆ ಮಂಜಿನ ತಳವನ್ನು ಕಾಯುತ್ತಿರುವುದು ಗಿಡಗಳೇ.

ಕಾಯುವ ಬಗೆ ಸೊಗಸಾಗಿದೆ. ಬೇಸಿಗೆಯಲ್ಲಿ ಹಾವಸೆಯ ಮೇಲ್ಭಾಗ ಒಣಗಿ, ಒಳಗೆ ಗಾಳಿ ತುಂಬಿಕೊಂಡು ಥರ್ಮಾಕೋಲಿನಂತಾಗುತ್ತದೆ. ದಿನವಿಡೀ ಮುಳುಗದ ಸೂರ್ಯನ ಬಿಸಿಯೂ ಹೆಚ್ಚು ಕೆಳಗಿಳಿಯದು. ಚಳಿಗಾಲದ ಹೊತ್ತಿಗೆ ಅದು ನೀರು ಹೀರಿ ಮಂಜಾಗಿರುತ್ತದೆ. ಮಂಜು ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ನೆಲದ ಬಿಸಿ ಸಲೀಸಾಗಿ ಹೊರಬೀಳುತ್ತದೆ. ಇದೇ ಕರಾವಳಿಯ ಪ್ರೂಡೋ ಕೊಲ್ಲಿಯ ಬಳಿ ಹೆಪ್ಪುನೆಲ 600 ಮೀಟರಿಗೂ ಆಳ, ಅದೂ ಹಾವಸೆಯ ಪವಾಡವೇ ಎಂದು ಕೇಳಬಹುದು. ಅಲ್ಲ; ಅದು ಹಿಮಯುಗಗಳ ಆಸ್ತಿ. ಆದರೆ ನೆಲ ಕರಗಿದರೆ ಕೊಳೆತು ಗಾಳಿ ಸೇರುವ ಇಂಗಾಲ ದಟ್ಟವಾಗಿರುವುದು ಮೇಲಿನ ಪದರಗಳಲ್ಲಿ, ಮತ್ತು ಅಲ್ಲಿ ಹೊದಿಕೆ ಹೋದರೆ ಏನಾಗುತ್ತದೆಂಬುದಕ್ಕೆ ಪುರಾವೆಯಿದೆ. 1940ರ ದಶಕದಲ್ಲಿ ತೈಲ ಹುಡುಕಲು ಬಂದ ವಾಹನಗಳು ಹಾವಸೆ ಕಿತ್ತ ಕಡೆ ನೆಲ ಕರಗಿ ಕುಸಿಯಿತು. ಆ ಜಾಡುಗಳು ಹಲವು ದಶಕಗಳ ಮೇಲೂ ಮಾಸಲಿಲ್ಲ. 2007ರಲ್ಲಿ ಅನಾಕ್ಟುವುಕ್ ನದಿಯ ಬಳಿ ಸುಮಾರು 1,000 ಚದರ ಕಿ.ಮೀ. ಟುಂಡ್ರಾ ಸುಟ್ಟ ಮೇಲೆ ಬೇಸಿಗೆಯ ಕರಗುವಿಕೆ ಇನ್ನೂ ಆಳಕ್ಕಿಳಿಯಿತು. ಎರಡೂ ಕಡೆ ಹವಾಮಾನ ಅಕ್ಕಪಕ್ಕದ ನೆಲದ್ದೇ, ಬದಲಾದದ್ದು ಹೊದಿಕೆ.

ಹಾಗಾದರೆ ಭೂಮಿ ಬಿಸಿಯೇರಿ ಟುಂಡ್ರಾ ಹಸಿರಾಗುತ್ತಿರುವುದು ಒಳ್ಳೆಯದಲ್ಲವೇ? ಕುಬ್ಜ ಬರ್ಚ್, ವಿಲ್ಲೋ ಪೊದೆಗಳು ಹಬ್ಬಿದರೆ ನೆರಳೂ ಹೆಚ್ಚು, ಹೀರುವ ಇಂಗಾಲವೂ ಹೆಚ್ಚು. ವಾದ ಹುಸಿಯಲ್ಲ. ಸೈಬೀರಿಯದ ಕಿಟಲಿಕ್‌ನಲ್ಲಿ ಬರ್ಚ್ ಪೊದೆ ಕಡಿದ ತಾಕುಗಳು ಕುಸಿದು ನೀರುಗುಂಡಿಗಳಾದವು. ಆದರೆ ಪೊದೆ ಬೇಸಿಗೆಯಲ್ಲಿ ನೆರಳು ಕೊಟ್ಟರೆ ಚಳಿಗಾಲದಲ್ಲಿ ಹಿಮ ಹಿಡಿದಿಟ್ಟು ನೆಲವನ್ನು ಬೆಚ್ಚಗಿಡುತ್ತದೆ. ತನ್ನ ನೆರಳಿನಲ್ಲಿ, ಉದುರಿದ ಎಲೆಯಡಿ ಹಾವಸೆಯನ್ನೂ ಸೊರಗಿಸುತ್ತದೆ. ಹಸಿರಿನ ಲೆಕ್ಕ ಹಾಕುವಾಗ ಅಲಾಸ್ಕದ ಟೂಲಿಕ್ ಸರೋವರದ ಬಳಿಯ ಪ್ರಯೋಗದ ತಾಕುಗಳನ್ನು ನೆನೆಯಬೇಕು. ಬಿಸಿಯೇರಿದ ಮಣ್ಣಿನಲ್ಲಿ ಕೊಳೆಯುವಿಕೆ ಹೆಚ್ಚಿ ಗಿಡಗಳಿಗೆ ಪೋಷಕಾಂಶ ಸಿಗುವಂತೆಯೇ, ಅಲ್ಲಿ 1981ರಿಂದ ಸಾರಜನಕ, ರಂಜಕದ ಗೊಬ್ಬರ ಹಾಕಿದರು; ಹತ್ತಿಹುಲ್ಲಿನ ಜಾಗದಲ್ಲಿ ಬರ್ಚ್ ಸೊಂಪಾಗಿ ಬೆಳೆಯಿತು. 20 ವರ್ಷದ ಬಳಿಕ ಅಗೆದು ತೂಗಿದಾಗ, ಗಿಡಗಳ ಗಳಿಕೆಯನ್ನೆಲ್ಲ ಕಳೆದ ಮೇಲೂ ಚದರ ಮೀಟರಿಗೆ ಸುಮಾರು 2 ಕಿಲೋ ಇಂಗಾಲ ಖೋತಾ. ಹೋದದ್ದು ಮೇಲ್ಮೈಯಿಂದಲ್ಲ, ಉಪಗ್ರಹದ ಕಣ್ಣಿಗೆ ಬೀಳದ ಕೆಳಗಿನ ಪದರಗಳಿಂದ.